ಪಕ್ಕದ ಬಯಲಿಗೆ ಬಡಾವಣೆ ಬರುತ್ತಿದೆಯೇ? ನೀರಿನ ದಾರಿ ಹುಡುಕುವುದು ಹೀಗೆ

2022ರ ಸೆಪ್ಟೆಂಬರ್ ಮಳೆಗೆ ಬೆಂಗಳೂರಿನ ಬೆಳ್ಳಂದೂರು, ಸರ್ಜಾಪುರ ರಸ್ತೆ ಕಡೆಯ ಜನರನ್ನು ಟ್ರ್ಯಾಕ್ಟರ್, ದೋಣಿಗಳಲ್ಲಿ ಹೊರಗೆ ಕರೆತರಬೇಕಾಯಿತು. ಮಳೆ ಜೋರಾಗಿದ್ದುದು ನಿಜ. ಆದರೆ ಈ ಊರಿನ ಕೆರೆಗಳು ಒಂದಕ್ಕೊಂದು ಜೋಡಣೆಯಾದವು. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ರಾಜಕಾಲುವೆ ಹಿಡಿದು ಕೆಳಗಿನ ಕೆರೆ ಸೇರಬೇಕು. ಆ ದಾರಿಯಲ್ಲಿ ಮನೆ ಎದ್ದರೆ ನೀರು ಮನೆಗೇ ನುಗ್ಗುತ್ತದೆ. ಹಾಗಾಗಿ ಪಕ್ಕದ ಬಯಲಿಗೆ ಬಡಾವಣೆ ಬರುವ ಸುದ್ದಿ ಕಿವಿಗೆ ಬಿದ್ದ ಕೂಡಲೇ ಕೆಲಸ ಶುರುಮಾಡಿ.

ಮೊದಲು ಸರ್ವೆ ನಂಬರ್. ಜಾಗದಲ್ಲೇ ನಿಂತು ಮೊಬೈಲ್‌ನಲ್ಲಿ ಸರ್ಕಾರದ ದಿಶಾಂಕ್ ಆ್ಯಪ್ ತೆರೆದರೆ ಸಿಗುತ್ತದೆ.

ಮುಂದಿನದು ಗ್ರಾಮ ನಕಾಶೆ. ಇದಕ್ಕೆ ಸಮಯ ಕೊಡಿ, ಆತುರ ಬೇಡ. ನಿಮ್ಮ ಸರ್ವೆ ನಂಬರಿನ ಅಕ್ಕಪಕ್ಕ ಹಳ್ಳ, ಕಾಲುವೆಯ ಗೆರೆ ಇದೆಯೇ ನೋಡಿ. ಇದ್ದರೆ ಬೆರಳಿಟ್ಟು ಮೇಲಿನ ಕೆರೆಯಿಂದ ಕೆಳಗಿನ ಕೆರೆಯವರೆಗೆ ಹೋಗಿ. ನಕಾಶೆಯಲ್ಲಿ ಹರಿಯುವ ಗೆರೆ ನೆಲದ ಮೇಲೆ ಕಾಣದಿದ್ದರೆ ಯಾರೋ ಮಣ್ಣು ಸುರಿದು ಮುಚ್ಚಿರಬಹುದು. ಬೇಸಿಗೆಯಲ್ಲಿ ಒಣಗಿರುವ ಹಳ್ಳವನ್ನು ‘ಖಾಲಿ ಜಾಗ’ ಎನ್ನುವವರ ಮಾತು ನಂಬಬೇಡಿ. ಊರಿನ ಹಿರಿಯ ರೈತರನ್ನು ಕೇಳಿ, ನೀರು ಎಲ್ಲಿ ನಿಲ್ಲುತ್ತಿತ್ತೆಂದು ಅವರಿಗೆ ಗೊತ್ತಿರುತ್ತದೆ.

ಆಮೇಲೆ ಪಹಣಿ ತೆಗೆಸಿ, 3ನೇ ಕಾಲಂ ಓದಿ. ಒಟ್ಟು ವಿಸ್ತೀರ್ಣದ ಕೆಳಗೆ ಫೂಟ್ ಖರಾಬು (ಸಾಗುವಳಿಗೆ ಬಾರದ ಜಾಗ) ‘ಅ’, ‘ಬ’ ಎಂದಿರುತ್ತದೆ. ‘ಬ’ ಖರಾಬು ಎಂದರೆ ಹಳ್ಳ, ದಾರಿ, ಸ್ಮಶಾನದಂಥ ಸಾರ್ವಜನಿಕ ಜಾಗ. ಅದು ಯಾರೂ ಮಾರುವಂಥದ್ದಲ್ಲ. ಅಲ್ಲಿ ಕೆಲವೇ ಗುಂಟೆ ಕಂಡರೂ ಅದು ನಕಾಶೆಯ ಹಳ್ಳವೇ ಎಂದು ತಾಳೆ ನೋಡಿ.

ಕೆರೆ, ಕಾಲುವೆಯ ಪಕ್ಕ ಏನೂ ಕಟ್ಟದೆ ಮೀಸಲು ಅಂಚು ಎಷ್ಟು ಬಿಡಬೇಕು? ಬೆಂಗಳೂರಿನ ‘ಪರಿಷ್ಕೃತ ಮಹಾಯೋಜನೆ 2015’ ಕೆರೆಗೆ 30 ಮೀಟರ್, ರಾಜಕಾಲುವೆಗೆ ದರ್ಜೆಗೆ ತಕ್ಕಂತೆ 50, 25, 15 ಮೀಟರ್ ಎಂದಿತ್ತು. ಹಸಿರು ನ್ಯಾಯಮಂಡಳಿ 2016ರಲ್ಲಿ ಇದನ್ನು ಹೆಚ್ಚಿಸಿತು, 2019ರಲ್ಲಿ ಸುಪ್ರೀಂ ಕೋರ್ಟ್ ಆ ಹೆಚ್ಚಳವನ್ನು ರದ್ದು ಮಾಡಿತು. ನಿಯಮ ಹೀಗೆ ಬದಲಾಗುವುದರಿಂದ ಈಗಿನ ಅಳತೆಯನ್ನು ಯೋಜನಾ ಪ್ರಾಧಿಕಾರದಲ್ಲಿ ಲಿಖಿತವಾಗಿ ಕೇಳಿಕೊಳ್ಳಿ.

ಕೊನೆಗೆ ಆಕ್ಷೇಪಣೆ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14ಎ ಕಲಮಿನಡಿ ಭೂಬಳಕೆ ಬದಲಿಸುವ ಮುನ್ನ ಪತ್ರಿಕೆಯಲ್ಲಿ ಪ್ರಕಟಿಸಿ ಸಾರ್ವಜನಿಕರ ಆಕ್ಷೇಪಣೆ ಕರೆಯಬೇಕು. ಆ ಪ್ರಕಟಣೆ ಒಳಪುಟದಲ್ಲಿ ಸಣ್ಣಕ್ಷರದಲ್ಲಿ ಬಂದು ಕಣ್ತಪ್ಪಿಹೋಗುವುದೇ ಹೆಚ್ಚು. ಬೀದಿಯಲ್ಲಿ ಒಬ್ಬರಾದರೂ ದಿನವೂ ಗಮನಿಸಲಿ. ಅರ್ಜಿಯಲ್ಲಿ ಸಿಟ್ಟು ಬೇಡ. ಸರ್ವೆ ನಂಬರ್, ನಕಾಶೆ, ಪಹಣಿ, ನೀರು ನಿಂತ ದಿನದ ಫೋಟೊ ಲಗತ್ತಿಸಿ, ಗಡುವಿನೊಳಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಡಿ ಆ ಕಡತದ ಟಿಪ್ಪಣಿ ಹಾಳೆಗಳ ಪ್ರತಿ ಕೇಳಿ. 30 ದಿನದೊಳಗೆ ಉತ್ತರಿಸುವುದು ಅವರ ಹೊಣೆ.