ತೋಡಿಯ ಗಾಂಧಾರ, ನನ್ನ ಎಡ ಮೊಣಕೈ

11 ವರ್ಷ ಗವಸು ಹಾಕ್ಕೊಂಡು ಮೂಲೇಲಿ ಮಲಗಿದ್ದ ವೀಣೆನ ನನ್ನ 42ನೇ ವಯಸ್ಸಲ್ಲಿ ಮತ್ತೆ ತೆಗೆದೆ. ನವರಾತ್ರಿಗೆ ತೋಡಿ ರಾಗದ ವರ್ಣ (ಗೀತೆಗಿಂತ ದೊಡ್ಡ, ಕಷ್ಟದ ರಚನೆ) ನುಡಿಸ್ಲೇಬೇಕು ಅಂತ ಹಠ, ದಿನಾ ರಾತ್ರಿ ಊಟ ಆದ್ಮೇಲೆ ಒಂದೂವರೆ ಗಂಟೆ ಏಳದೇ ಕೂರ್ತಿದ್ದೆ. ಮೂರು ವಾರ ಆಗೋಷ್ಟ್ರಲ್ಲಿ ಎಡ ಮೊಣಕೈ ಹೊರಭಾಗದಲ್ಲಿ ನೋವು ಶುರು, ಮೊದಲು ನುಡಿಸುವಾಗ ಮಾತ್ರ ಇತ್ತು, ಆಮೇಲೆ ಹಾಲಿನ ಪಾತ್ರೆ ಎತ್ತಕ್ಕೂ ಆಗ್ತಿರ್ಲಿಲ್ಲ, ಬಟ್ಟೆ ಹಿಂಡೋದಂತೂ ಕೇಳ್ಲೇಬೇಡಿ.

ಕೆಲಸ ಮಾಡೋದು ಬೆರಳು, ನೋವು ಮೊಣಕೈಗೆ ಯಾಕೆ ಅಂತ ನಂಗೆ ಅರ್ಥ ಆಗ್ಲಿಲ್ಲ. ಫಿಸಿಯೋ ಹೇಳಿದ್ರು, ಬೆರಳು ಆಡಿಸೋ ದೊಡ್ಡ ಸ್ನಾಯುಗಳು ಇರೋದೇ ಮುಂಗೈಯಲ್ಲಿ, ಮಣಿಕಟ್ಟು ಬೆರಳು ಮೇಲಕ್ಕೆತ್ತೋ ಸ್ನಾಯುಗಳ ಬುಡ ಇರೋದು ಮೊಣಕೈ ಹೊರಗಡೆ ಮೂಳೆ ಹತ್ರ ಅಂತ. ಟೆನಿಸ್ ಎಲ್ಬೋ ಅಂತೆ. ನಾನು ಜನ್ಮದಲ್ಲಿ ಟೆನಿಸ್ ಬ್ಯಾಟ್ ಮುಟ್ಟಿದವಳಲ್ಲ!

ಆದ್ರೆ ನಿಜವಾದ ತಪ್ಪು ಹಿಡಿದದ್ದು ನಮ್ಮ ಟೀಚರ್. ಸುಮ್ನೆ ನೋಡ್ತಾ ಕೂತಿದ್ದವರು "ಹೆಬ್ಬೆರಳು ತೆಗಿ ನೋಡೋಣ" ಅಂದ್ರು. ತೆಗೆದೆ, ತೋಡಿಯ ಗಾಂಧಾರಕ್ಕೆ, ಅಂದ್ರೆ ಗ ಸ್ವರಕ್ಕೆ, ತಂತಿ ಎಳೆದು ಕೊಡೋ ಓಲಾಟ (ಗಮಕ) ಬರ್ಲೇ ಇಲ್ಲ. ಅಂದ್ರೆ ಇಷ್ಟು ದಿನ ನಾನು ಹೆಬ್ಬೆರಳಿಂದ ವೀಣೆಯ ಉದ್ದನೆ ದಂಡೀನ ಇಕ್ಕಳದ ಥರ ಹಿಡ್ಕೊಂಡು ಬರೀ ಬೆರಳ ತುದಿಯಿಂದ ತಂತಿ ಎಳೀತಿದ್ದೆ. ಈಗ ತೋರುಬೆರಳು ಮಧ್ಯದ ಬೆರಳು ಎರಡೂ ಜೋಡಿಸಿ, ಮಣಿಕಟ್ಟು ಮಡಚದೆ, ಮುಂಗೈನೂ ಸೇರಿಸಿ ಎಳೀತೀನಿ, ಹೆಬ್ಬೆರಳು ಸುಮ್ನೆ ತಾಗಿರುತ್ತೆ ಅಷ್ಟೆ. ಇದು ಅಭ್ಯಾಸ ಆಗಕ್ಕೆ ಎರಡು ತಿಂಗಳು ಹಿಡೀತು, ಮಧ್ಯೆ ಮಧ್ಯೆ ಹಳೇ ಚಾಳಿ ಬಂದ್ಬಿಡ್ತಿತ್ತು, ಅದಕ್ಕೆ ಎದುರಿಗೆ ಕನ್ನಡಿ ಇಟ್ಕೊಂಡೆ. ಕನ್ನಡಿಯಲ್ಲಿ ಇನ್ನೊಂದೂ ಸಿಕ್ತು, ನುಡಿಸೋದ್ರಲ್ಲಿ ಕಷ್ಟದ ಸಾಲು ಬಂದಾಗೆಲ್ಲ ಎಡ ಭುಜ ಕಿವಿ ಹತ್ರ ಹೋಗಿರೋದು.

ಒತ್ತೋದೂ ಜಾಸ್ತಿ ಆಗಿತ್ತು. ಒಂದು ಸ್ವರದ ಮೇಲೆ ಬೆರಳಿಟ್ಟು ಮೀಟ್ತಾ ಮೀಟ್ತಾ ಒತ್ತಡ ಕಮ್ಮಿ ಮಾಡ್ತಾ ಹೋಗಿ, ನಾದ ಜರ್ ಅನ್ನೋವರೆಗೂ. ಅದಕ್ಕಿಂತ ಒಂಚೂರು ಹೆಚ್ಚು ಸಾಕು. ನಾನು ಅದರ ಎರಡು ಮೂರು ಪಟ್ಟು ಒತ್ತುತಿದ್ದೆ ಅನ್ಸುತ್ತೆ. ಆದ್ರೆ ತಪ್ಪೆಲ್ಲ ನಂದೇ ಅಲ್ಲ ರೀ, ವೀಣೆದೂ ಇತ್ತು. ತಂತಿ ಕೆಳಗಿರೋ 24 ಲೋಹದ ಮೆಟ್ಟಿಲೂ ಮೇಣದ ಮೇಲೆ ತಾನೆ ಕೂತಿರೋದು, ಸೆಕೆಗೆ ಮೇಣ ಮೆತ್ತಗಾಗಿ ಕೆಲವು ತಗ್ಗಿದ್ವು, ಆ ಜಾಗದಲ್ಲಿ ಎಷ್ಟು ಒತ್ತಿದ್ರೂ ಸಾಲದು. ಹೊಸದಾಗಿ ಮೇಣ ಕಟ್ಟಿಸಿದ ಮೇಲೆ ಅರ್ಧ ಶ್ರಮ ಹೋಯ್ತು. ಶ್ರುತಿನೂ ಅರ್ಧ ಮನೆ, ಅಂದ್ರೆ ಹಾರ್ಮೋನಿಯಂನಲ್ಲಿ ಪಕ್ಕದ ಕೀಲಿಯಷ್ಟು, ಇಳಿಸಿದೆ. ಅದೇ ತಂತಿಗೆ ಅರ್ಧ ಮನೆ ಇಳಿಸಿದ್ರೆ ಬಿಗಿ ಹೆಚ್ಚುಕಮ್ಮಿ ನೂರಕ್ಕೆ 11 ಭಾಗ ಕಮ್ಮಿ ಆಗುತ್ತೆ, ಕೈಗೆ ಅದು ಚೆನ್ನಾಗೇ ಗೊತ್ತಾಗುತ್ತೆ.

ಮನೇಲಿ ಅರ್ಧ ಲೀಟರ್ ನೀರಿನ ಬಾಟಲಿ ಹಿಡ್ಕೊಂಡು, ಅಂಗೈ ಕೆಳಗೆ ಮಾಡಿ, ಬಲಗೈ ಸಹಾಯದಿಂದ ಮಣಿಕಟ್ಟು ಎತ್ತಿ ನಿಧಾನಕ್ಕೆ ಇಳಿಸೋ ವ್ಯಾಯಾಮ ಮಾಡಿದೆ, ಬೋರಿಂಗು, ಆದ್ರೆ ಬಿಡ್ಲಿಲ್ಲ. ನಿಮಗೆ ಬೆರಳು ಜೋಮು ಹಿಡಿಯೋದು, ಹಿಡಿತ ಸಡಿಲ ಆಗೋದು ಇದ್ರೆ ನನ್ನ ಬಾಟಲಿ ಕಥೆ ಬಿಟ್ಟು ಮೊದಲು ಡಾಕ್ಟರಿಗೆ ತೋರಿಸಿ.

ಈಗ 20 ನಿಮಿಷದ ಹಾಗೆ ದಿನಕ್ಕೆ ಮೂರು ಸಲ. ಮೊದಲ ಐದು ನಿಮಿಷ ಗಮಕ ಇಲ್ದೆ ಬರೀ ಹೊಸಬರು ಕಲಿಯೋ ಸರಳೆ ಜಂಟಿ ಪಾಠ, ಮಗಳು ನಗ್ತಾಳೆ, ನಗ್ಲಿ. ಆ ನವರಾತ್ರಿಗೆ ವರ್ಣ ಆಗ್ಲಿಲ್ಲ, ಮೋಹನ ರಾಗದ ಪುಟ್ಟ ಗೀತೆ ನುಡಿಸಿದೆ. ತೋಡಿ ಮುಂದಿನ ವರ್ಷ ಬಂತು, ಅದೂ ಮೊದಲನೇ ಕಾಲದಲ್ಲಿ, ಅಂದ್ರೆ ನಿಧಾನದ ವೇಗದಲ್ಲಿ ಮಾತ್ರ.