ಮಿಕ್ಸರ್‌ಗೂ ಜಿಪಿಎಸ್ ಹಾಕಿದೆ: ನನ್ನ ಅನುಭವ

ಆಲೂರು, ಬೇಲೂರು, ಸಕಲೇಶಪುರ ಕಡೆ ನನ್ನ ಕಂಟ್ರಾಕ್ಟ್ ಕೆಲಸದ ನಾಲ್ಕೈದು ಸೈಟು ಒಟ್ಟಿಗೆ ನಡೆಯುತ್ತಿರುತ್ತವೆ. ಒಂದು ಜೆಸಿಬಿ, ಎರಡು ಟಿಪ್ಪರ್, ಒಂದು ರೋಲರ್, ಮೂರು ಕಾಂಕ್ರೀಟ್ ಮಿಕ್ಸರ್ ಇವೆ. ಎಲ್ಲಕ್ಕೂ ಜಿಪಿಎಸ್ ಹಾಕುತ್ತೇನೆ ಅಂದಾಗ ಹಾಸನದ ಕಂಟ್ರಾಕ್ಟರ್ ಸ್ನೇಹಿತರು ಬೇಡವೇ ಬೇಡ ಅಂದರು. 'ಟಿಪ್ಪರ್‌ಗೆ ಸರಿ ಮಾರಾಯ, ಮಿಕ್ಸರ್ ಎಲ್ಲಿಗೆ ಓಡಿಹೋಗುತ್ತೆ?' ಅಂತ ಒಬ್ಬರು ಕೇಳಿದರು. ಓಡೋದಿಲ್ಲ, ನಿಜ. ಆದರೆ ಸುಮ್ನೆ ನಿಲ್ಲುತ್ತೆ. ದುಡ್ಡು ಹೋಗುವುದೇ ಅಲ್ಲಿ.

ಟಿಪ್ಪರ್, ಜೆಸಿಬಿ, ರೋಲರ್‌ಗೆ ಗಾಡಿಯ ಬ್ಯಾಟರಿಗೆ ವೈರ್ ಕೊಡುವ ಮಾಮೂಲಿ ಜಿಪಿಎಸ್ ಪೆಟ್ಟಿಗೆ ಸಾಕಾಯಿತು. ಒಂದಕ್ಕೆ ಎರಡೂವರೆ ಮೂರು ಸಾವಿರ, ಆಮೇಲೆ ವರ್ಷಕ್ಕೆ ಸಾವಿರ ಚಿಲ್ಲರೆ. ತಲೆನೋವು ಕೊಟ್ಟಿದ್ದು ಮಿಕ್ಸರ್. ಹ್ಯಾಂಡಲ್ ಹಾಕಿ ಸ್ಟಾರ್ಟ್ ಮಾಡುವ ಡೀಸೆಲ್ ಮಿಕ್ಸರ್‌ಗೆ ಬ್ಯಾಟರಿಯೇ ಇಲ್ಲ. ಹಳೇ ಮೊಬೈಲನ್ನು ಡಬ್ಬಿಯಲ್ಲಿಟ್ಟು ಕಟ್ಟಿದೆವು. ಸಿಮೆಂಟ್ ಧೂಳು, ಬಿಸಿಲು, ಮಳೆಗೆ ಎರಡು ಮೊಬೈಲ್ ಹೋದವು. ಕೊನೆಗೆ ಮ್ಯಾಗ್ನೆಟ್ ಇರುವ, ಸ್ವಂತ ಬ್ಯಾಟರಿಯ ಪೆಟ್ಟಿಗೆ ತಂದೆ. ಅಂಗಡಿಯವರು ಮೂರು ತಿಂಗಳು ಚಾರ್ಜ್ ನಿಲ್ಲುತ್ತೆ ಅಂದಿದ್ದರು. ಕಾಂಕ್ರೀಟ್ ಜೋರಾಗಿದ್ದಾಗ ಹತ್ತು ಹನ್ನೆರಡು ದಿನಕ್ಕೇ ಖಾಲಿ. ಮಿಕ್ಸರ್ ಅದುರಿದಾಗಲೆಲ್ಲ ಅದು ಎಚ್ಚರವಾಗಿ ಸಿಗ್ನಲ್ ಕಳಿಸುತ್ತಿತ್ತು.

ಆ ತೊಂದರೆಯಲ್ಲೇ ನನಗೆ ದಾರಿ ಸಿಕ್ಕಿತು. ಜಾಗ ಬದಲಾಗಿಲ್ಲ, ಆದರೆ ಅದುರುತ್ತಿದೆ ಅಂದರೆ ಮಿಕ್ಸರ್ ಕೆಲಸ ಮಾಡುತ್ತಿದೆ. ಜಾಗವೂ ಬದಲಾಗಿಲ್ಲ, ಅದುರೂ ಇಲ್ಲ ಅಂದರೆ ಖಾಲಿ ನಿಂತಿದೆ. ಅದುರಿನ ಸೆಟ್ಟಿಂಗ್ ಎಷ್ಟಕ್ಕೆ ಇಟ್ಟು ಚಾರ್ಜ್ ಉಳಿಸಿದೆ ಅನ್ನೋದನ್ನು ಇಲ್ಲಿ ಹೇಳೋದಿಲ್ಲ. ಪೆಟ್ಟಿಗೆ ಎಲ್ಲಿ ಕೂರಿಸಿದ್ದೇನೆ ಅನ್ನೋದನ್ನೂ ಅಷ್ಟೇ.

ಈಗ ಭಾನುವಾರ ರಾತ್ರಿ ಹಿಂದಿನ ವಾರದ ಓಡಾಟದ ಹಿಸ್ಟರಿ ತೆಗೆದು, ಯಾವ ಮಷೀನ್ ಎಲ್ಲಿ ಎಷ್ಟು ದಿನ ನಿಂತಿತ್ತು ಅಂತ ಎಕ್ಸೆಲ್‌ಗೆ ಹಾಕುತ್ತೇನೆ. ಲೈವ್ ಮ್ಯಾಪ್ ನೋಡೋದು ಕಮ್ಮಿ. ಹೀಗೆ ನೋಡುವಾಗ ಕಂಡಿದ್ದು: ಆಲೂರಿನಲ್ಲಿ ಸ್ಲ್ಯಾಬ್ ಹಾಕಿ ಕ್ಯೂರಿಂಗ್ (ಅದಕ್ಕೆ ನೀರುಣಿಸುವುದು) ನಡೆಯುತ್ತಿತ್ತು, ಮಿಕ್ಸರ್ ಎರಡು ವಾರದಿಂದ ಅಲ್ಲೇ ಇತ್ತು. ಅದೇ ಹೊತ್ತಿಗೆ ಬೇಲೂರಿನ ಸೈಟಿಗೆ ದಿನಕ್ಕೆ ಸುಮಾರು ಎರಡು ಸಾವಿರ ಕೊಟ್ಟು ಬಾಡಿಗೆ ಮಿಕ್ಸರ್ ತರಿಸಿದ್ದರು! ನಮ್ಮದನ್ನೇ ಟ್ರ್ಯಾಕ್ಟರ್‌ಗೆ ಕಟ್ಟಿ ಎಳೆಸಿದ್ದರೆ ಒಂದು ಟ್ರಿಪ್ಪಿನ ಖರ್ಚಲ್ಲಿ ಮುಗಿಯುತ್ತಿತ್ತು. ಹಿಂದೆ ಬಾಡಿಗೆಗೆ ವರ್ಷಕ್ಕೆ ಒಂದೂವರೆ ಲಕ್ಷದ ಹತ್ತಿರ ಹೋಗುತ್ತಿತ್ತು. ಹೋದ ವರ್ಷ ಮೂವತ್ತು ಸಾವಿರ ದಾಟಿರಲಿಕ್ಕಿಲ್ಲ. ಬೇಡ ಅಂದವರಲ್ಲಿ ಇಬ್ಬರು ಈಗ ನನ್ನ ಎಕ್ಸೆಲ್ ಶೀಟ್ ಕೇಳಿ ಪಡೆದಿದ್ದಾರೆ.

ಶಿರಾಡಿ ಘಾಟಿ ಕಡೆ ಕೆಲಸ ಮಾಡುವವರಿಗೆ ಒಂದು ಮಾತು. ಮಾರನಹಳ್ಳಿ ದಾಟಿದರೆ ನೆಟ್‌ವರ್ಕ್ ಬಂದು ಹೋಗಿ ಮಾಡುತ್ತೆ. ಒಳ್ಳೇ ಪೆಟ್ಟಿಗೆ ಓಡಾಟವನ್ನು ತನ್ನಲ್ಲೇ ಇಟ್ಟುಕೊಂಡು, ಸಿಗ್ನಲ್ ಸಿಕ್ಕಾಗ ಕಳಿಸುತ್ತೆ. ಅಗ್ಗದ್ದು ಹಳೇದನ್ನು ಅಳಿಸಿಬಿಡುತ್ತೆ, ಅರ್ಧ ದಿನದ ಲೆಕ್ಕವೇ ಹೋಗುತ್ತೆ. 2ಜಿ ಪೆಟ್ಟಿಗೆ ಆದರೆ ಜಿಯೋ ಸಿಮ್ ನಡೆಯಲ್ಲ. ಕಾಫಿ ತೋಟದ ಸಿಲ್ವರ್ ಓಕ್ ನೆರಳಲ್ಲಿ ನಿಂತ ಗಾಡಿಯೂ ಮ್ಯಾಪಲ್ಲಿ ಐವತ್ತು ಮೀಟರ್ ಆಚೀಚೆ ಕುಣಿಯುತ್ತೆ. ಅದಕ್ಕೆ ಗಾಡಿ ದಾಟಿದರೆ ಅಲಾರಂ ಕೊಡಲಿ ಅಂತ ಮ್ಯಾಪಲ್ಲಿ ಸೈಟಿನ ಸುತ್ತ ಬೇಲಿ ಹಾಕುವಾಗ ನೂರೈವತ್ತು ಮೀಟರ್ ಬಿಡಿ. ಇಲ್ಲದಿದ್ದರೆ ರಾತ್ರಿಯಿಡೀ ಸುಳ್ಳು ಅಲಾರಂ.

ಕಾಂಕ್ರೀಟ್ ಕೂರಿಸುವ ವೈಬ್ರೇಟರ್‌ಗಳಿಗೆ ಬ್ಲೂಟೂತ್ ಟ್ಯಾಗ್ ಕಟ್ಟಿ ನೋಡಿದೆ. ಹತ್ತಿರ ಮೊಬೈಲ್ ಹಾದುಹೋದರೆ ಮಾತ್ರ ಅದರ ಜಾಗ ಗೊತ್ತಾಗುತ್ತೆ. ಹಾಸನದ ಗೋಡೌನಲ್ಲಿ ಚೆನ್ನಾಗಿತ್ತು, ತೋಟದ ಸೈಟಲ್ಲಿ ಏನೂ ಇಲ್ಲ. ಸೂಪರ್‌ವೈಸರ್ ಒಪ್ಪಿಗೆಯಿಂದಲೇ ಅವನು ಓಡಾಡಿದ ಜಾಗ ತೋರಿಸುವ ಗೂಗಲ್ ಟೈಮ್‌ಲೈನನ್ನು ಆಫೀಸಿನ ಕಂಪ್ಯೂಟರಲ್ಲಿ ನೋಡುತ್ತಿದ್ದೆ. 2024ರಲ್ಲಿ ಗೂಗಲ್ ಅದನ್ನು ಮೊಬೈಲಿನೊಳಗೇ ಇಡಲು ಶುರುಮಾಡಿದ ಮೇಲೆ ಅದೂ ನಿಂತಿತು.

ಆಪರೇಟರ್‌ಗಳಿಗೆ ಮೊದಲೇ ಹೇಳಿ ಹಾಕಿಸಿದ್ದೇನೆ. ಸಂಜೆ ಜಾಸ್ತಿ ಹೊತ್ತು ದುಡಿದರೆ ಅದೇ ಹಿಸ್ಟರಿ ನೋಡಿ ಬಾಟಾ (ಭತ್ಯೆ) ಸೇರಿಸುತ್ತೇನೆ. ಹಾಗಾಗಿ ಇದುವರೆಗೆ ಯಾರೂ ವೈರ್ ಕಿತ್ತಿಲ್ಲ.

ಎರಡನೇ ಜೆಸಿಬಿ ಕೊಳ್ಳೋಣ ಅಂತ ಬ್ಯಾಂಕಿಗೂ ಹೋಗಿ ಬಂದಿದ್ದೆ. ಎರಡು ಮಳೆಗಾಲದ ಹಿಸ್ಟರಿ ತೆಗೆದು ನೋಡಿದರೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇರುವ ಒಂದಕ್ಕೇ ವಾರಕ್ಕೆ ಎರಡು ದಿನದ ಕೆಲಸ. ಬೇಸಿಗೆಯಲ್ಲಿ ಮಾತ್ರ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ತರಿಸುತ್ತಿದ್ದೇನೆ. ಸಾಲದ ಅರ್ಜಿ ವಾಪಸ್ ತಗೊಂಡೆ.