ಕುಮಟಾದಿಂದ ಗೋಕರ್ಣಕ್ಕೆ ಕಡಲಂಚಲ್ಲಿ: ತುಮಕೂರಿನವರ ನಡಿಗೆ

ತುಮಕೂರಿನಲ್ಲಿ ನಮಗೆ ನಡಿಗೆ ಅಂದ್ರೆ ಬೆಟ್ಟ. ಭಾನುವಾರ ಬೆಳಗ್ಗೆ ದೇವರಾಯನದುರ್ಗ, ಉಮೇದು ಜಾಸ್ತಿಯಾದರೆ ಮಧುಗಿರಿ. ಆದ್ರೆ ನಮ್ಮೂರಿಂದ ಹೊರಡುವ ಹಳೇ 206ನೇ ಹೆದ್ದಾರಿ ತಿಪಟೂರು, ಅರಸೀಕೆರೆ, ಶಿವಮೊಗ್ಗ, ಸಾಗರ ದಾಟಿ ಮುಗಿಯುವುದು ಹೊನ್ನಾವರದಲ್ಲಿ, ಕಡಲ ಹತ್ತಿರವೇ ಅಲ್ವಾ. ಅಲ್ಲಿಂದ ಕುಮಟಾ ದೂರವಿಲ್ಲ. ಚಳಿಗಾಲ ಬಂತೆಂದರೆ ನಮ್ಮ ಗುಂಪು ಅತ್ತ ಹೊರಡುತ್ತದೆ.

ಕುಮಟಾದಿಂದ ಗೋಕರ್ಣಕ್ಕೆ ತೀರದಲ್ಲೇ ನಡೆದರೆ 20 ಕಿಲೋಮೀಟರ್ ಮೀರುತ್ತದೆ. ಎರಡು ದಿನಕ್ಕೆ ಹಂಚಿಕೊಂಡರೆ ಆರಾಮ. ನಾವು ಯಾವಾಗಲೂ ಕುಮಟಾ ಕಡೆಯಿಂದಲೇ ಶುರು ಮಾಡುತ್ತೇವೆ, ಯಾಕಂದ್ರೆ ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಉತ್ತರಕ್ಕೆ ನಡೆದರೆ ಮಧ್ಯಾಹ್ನದ ಬಿಸಿಲು ಬೆನ್ನಿಗೆ ಬೀಳುತ್ತದೆ, ಮುಖಕ್ಕಲ್ಲ.

ಬೆಟ್ಟದಲ್ಲಿ ನಾವು ಹೊರಟಿದ್ದೇ ಹೊತ್ತು. ಇಲ್ಲಿ ಹೊತ್ತು ಗೊತ್ತು ಮಾಡುವುದು ನೀರು. ಇಳಿತದಲ್ಲಿ ಒದ್ದೆ ಮರಳು ಗಟ್ಟಿ, ಮಟ್ಟಸ. ಉಬ್ಬರದಲ್ಲಿ ಉಳಿಯುವುದು ಮೇಲಿನ ಸಡಿಲ ಮರಳು ಮಾತ್ರ, ಅದೂ ಕಡಲಿಗೆ ವಾಲಿರುತ್ತದೆ. ಎಡಗಾಲು ಸದಾ ತಗ್ಗಿನಲ್ಲಿ, ಸಂಜೆಗೆ ಮಂಡಿ ಮಾತಾಡುತ್ತದೆ. ಉಬ್ಬರ ಇಳಿತದ ವೇಳೆ ದಿನಾ ಸುಮಾರು 50 ನಿಮಿಷ ತಡವಾಗುತ್ತದೆ, ಹಾಗಾಗಿ ಹೋದ ವಾರದ ಲೆಕ್ಕ ಈ ವಾರಕ್ಕಿಲ್ಲ. ಅಮಾವಾಸ್ಯೆ, ಹುಣ್ಣಿಮೆ ಹತ್ತಿರ ನೀರು ಏರುವುದೂ ಜಾಸ್ತಿ, ಇಳಿಯುವುದೂ ಜಾಸ್ತಿ. ಫೋನಲ್ಲಿ ಉಬ್ಬರ ಇಳಿತದ ವೇಳೆ ಸಿಗುತ್ತದೆ, ಆದ್ರೆ ನಾನು ಮರಳನ್ನೂ ನೋಡುತ್ತೇನೆ. ಪುಟ್ಟ ಏಡಿಗಳು ತಮ್ಮ ಬಿಲದ ಸುತ್ತ ಸಾಸಿವೆಗಿಂತ ಸ್ವಲ್ಪ ದಪ್ಪದ ಮರಳಿನ ಉಂಡೆಗಳನ್ನು ಸಾಲಾಗಿ ಜೋಡಿಸಿರುತ್ತವೆ. ಉಂಡೆ ತುಂಬಾ ಇದ್ದರೆ ನೀರು ಹೋಗಿ ಸುಮಾರು ಹೊತ್ತಾಗಿದೆ ಅಂತ ಅರ್ಥ, ಸದ್ಯದಲ್ಲೇ ವಾಪಸ್ ಬರುತ್ತದೆ.

ಮಧ್ಯದಲ್ಲಿ ಅಘನಾಶಿನಿ ನದಿ ಅಡ್ಡ. ಅಘನಾಶಿನಿ ಊರಿಂದ ತದಡಿಗೆ ಬಾರ್ಜ್ ಇದೆ, ಬೈಕು, ಚೀಲ, ಮೀನಿನ ಬುಟ್ಟಿ, ಶಾಲೆ ಮಕ್ಕಳು ಎಲ್ಲ ಒಟ್ಟಿಗೆ. ಇಳಿತದಲ್ಲಿ ಬಂದರೆ ನದಿಯಲ್ಲಿ ಜನ ಸೊಂಟದವರೆಗೆ ನಿಂತು ಬಳಚು, ಅಂದ್ರೆ ತಿನ್ನುವ ಚಿಪ್ಪುಜೀವಿ, ಹೆಕ್ಕುವುದು ಕಾಣುತ್ತದೆ. ಈ ಅಳಿವೆ 2024ರಲ್ಲಿ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಇಲ್ಲಿನ ಗಜನಿ ಅನ್ನುವ ಅಳಿವೆಯಂಚಿನ ತಗ್ಗು ಗದ್ದೆಗಳಲ್ಲಿ ಉಪ್ಪುನೀರು ತಡೆಯುವ ಕಗ್ಗ ಭತ್ತ ಬೆಳೆಯುತ್ತಾರೆ. ಬೋರ್‌ವೆಲ್ ಕೊರೆಸಿ ಕೊರೆಸಿ ಸುಸ್ತಾದ ನಮ್ಮ ಸೀಮೆಯವರು ಇದನ್ನ ಸುಮ್ನೆ ನಿಂತು ನೋಡಬೇಕು.

ಇಡೀ ದಾರಿಯಲ್ಲಿ ಚೆಂದದ ಭಾಗ ಬೇಲೆಕಾನ್ ಆಚೆಗಿನದು. ಪ್ಯಾರಡೈಸ್, ಹಾಫ್‌ಮೂನ್, ಓಂ, ಕುಡ್ಲೆ ಬೀಚ್‌ಗಳು, ಒಂದೊಂದರ ನಡುವೆಯೂ ಒಂದು ಗುಡ್ಡದ ಮೂಗು ಕಡಲಿಗೆ ಚಾಚಿದೆ. ಹತ್ತಿ ಇಳಿಯಬೇಕು. ಇಲ್ಲಿಯದು ಮುರಕಲ್ಲು, ಅಂದ್ರೆ ಜಂಬಿಟ್ಟಿಗೆ ಕಲ್ಲು, ನಮ್ಮ ಕಪ್ಪು ಬಂಡೆಯ ಹಾಗೆ ಕಾಲು ಕಚ್ಚಿ ಹಿಡಿಯುವುದಿಲ್ಲ. ಮೇಲೆ ಕೆಂಪು ಹರಳು ಉದುರಿರುತ್ತದೆ, ಇಳಿಜಾರಿನಲ್ಲಿ ಜಾರುತ್ತದೆ. ಬೂಟಿನ ಅಡಿ ಸವೆದಿದ್ದರೆ ಬೇಡ. ನೀರಂಚಿನ ಪಾಚಿ ಹಿಡಿದ ಕಲ್ಲಿನ ಮೇಲೆ ಫೋಟೋಗೆ ಅಂತ ಹೋಗಲೇಬೇಡಿ, ಪ್ರಾಣ ಹೋದವರಿದ್ದಾರೆ. ಮಳೆಗಾಲದಲ್ಲಂತೂ ಈ ದಾರಿಯ ಯೋಚನೆಯೇ ಬೇಡ.

ಇನ್ನು ಸೆಕೆ. ತುಮಕೂರಿನ ಬಿಸಿಲಲ್ಲಿ ಹುಣಸೆ ಮರದಡಿ ಕೂತರೆ ಮೈ ಆರುತ್ತದೆ. ಇಲ್ಲಿ ನೆರಳಲ್ಲೂ ಬೆವರು ಆರದು. ಬರೀ ನೀರು ಕುಡಿದರೆ ಸಾಲದು, ನಿಂಬೆ, ಉಪ್ಪು, ಸಕ್ಕರೆ ಬೆರೆಸಿ ಇಟ್ಟುಕೊಳ್ಳಿ. ಹಾಫ್‌ಮೂನ್‌ಗೂ ಪ್ಯಾರಡೈಸ್‌ಗೂ ವಾಹನದ ದಾರಿಯಿಲ್ಲ, ಅಲ್ಲಿ ಯಾರಿಗಾದರೂ ಕಾಲು ಸೋತರೆ ಓಂವರೆಗೆ ದೋಣಿ ಹಿಡಿಯಿರಿ. ಓಂನಿಂದ ಗೋಕರ್ಣಕ್ಕೆ ಆಟೋ ಸಿಗುತ್ತದೆ, ಬಾಡಿಗೆ ಮೊದಲೇ ಮಾತಾಡಿ ಹತ್ತಿ.